ಸಿತಾರರತ್ನ ರಹಿಮತ್ ಖಾನ್

ತಂತಿವಾದ್ಯಕ್ಕೂ ಕನ್ನಡನಾಡಿಗೂ ಇರುವ ನಂಟು ಬಹಳ ಹಳೆಯದು. ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಹಳ್ಳಿಗಳಲ್ಲಿ ರಾತ್ರಿ ಭಜನೆಗೆ ಕುಳಿತವರ ಕೈಯಲ್ಲಿ ಏಕತಾರಿ ಇರುತ್ತದೆ. ಅದರಲ್ಲಿರುವುದು ಒಂದೇ ತಂತಿ, ಅದರಿಂದ ಹೊರಡುವುದು ಒಂದೇ ಸ್ವರ. ಆ ಒಂದು ಸ್ವರದ ಆಸರೆಯಲ್ಲಿಯೇ ಕಡಕೋಳದ ಮಡಿವಾಳಪ್ಪನವರ ತತ್ತ್ವಪದಗಳು ತಲೆಮಾರಿನಿಂದ ತಲೆಮಾರಿಗೆ ಬಾಳಿ ಬಂದಿವೆ. ಮಡಿವಾಳಪ್ಪನವರ ಶಿಷ್ಯಪರಂಪರೆಯಲ್ಲಿ ಚೆನ್ನೂರಿನ ಜಲಾಲಸಾಹೇಬರಂಥವರೂ ಇದ್ದರು. ಹಾಡಿಗೂ ತಂತಿಗೂ ಜಾತಿಮತಗಳ ಗೋಡೆ ಇಲ್ಲವೆಂಬುದನ್ನು ಈ ನಾಡು ಬಹು ಹಿಂದೆಯೇ ಕಂಡುಕೊಂಡಿತ್ತು. ಬಿಜಾಪುರದಿಂದ ರಾಜ್ಯವಾಳಿದ ಎರಡನೆಯ ಇಬ್ರಾಹಿಂ ಆದಿಲ್‌ಶಾಹನು (ಆಳ್ವಿಕೆ 1580–1627) ಸ್ವತಃ ಸಂಗೀತಗಾರನಾಗಿದ್ದು, ತನ್ನ ತಂಬೂರಿಗೆ ಮೋತಿಖಾನ್ ಎಂದು ಪ್ರೀತಿಯಿಂದ ಹೆಸರಿಟ್ಟಿದ್ದನೆಂಬುದು ಇತಿಹಾಸ. ಇಂಥ ನಾಡಿಗೆ ಉತ್ತರ ದಿಕ್ಕಿನಿಂದ ಬಂದು, ಇಲ್ಲಿಯವರೇ ಆಗಿ ನೆಲೆಸಿ, ಸಿತಾರ್ ವಾದನವನ್ನು ಬಿತ್ತಿ ಬೆಳೆಸಿದ ಮಹನೀಯರು ರಹಿಮತ್ ಖಾನರು.

ಇಂದು ಗಿಟಾರ್ ಎಂದರೆ ತರುಣರ ಕಿವಿ ನಿಮಿರುತ್ತದೆ. ಆರು ತಂತಿಗಳ ಆ ಪಾಶ್ಚಾತ್ಯ ವಾದ್ಯ ಪಟ್ಟಣಗಳಲ್ಲಿ ಮಾತ್ರವಲ್ಲದೆ ಹಳ್ಳಿಗಳಲ್ಲಿಯೂ ಕಾಣಸಿಗುತ್ತದೆ. ಸಿತಾರ್ ಎಂದೊಡನೆ ಪಂಡಿತ ರವಿಶಂಕರ್ (1920–2012), ಉಸ್ತಾದ್ ವಿಲಾಯತ್ ಖಾನ್ (1928–2004) ಮೊದಲಾದ ಜಗತ್ಪ್ರಸಿದ್ಧರ ಹೆಸರು ನಾಲಗೆಯ ಮೇಲೆ ಬರುತ್ತದೆ. ಅದು ಸಹಜವೇ ಆಗಿದೆ. ಆದರೆ ಅವರಿಗಿಂತ ಹಿಂದಿನ ತಲೆಮಾರಿನಲ್ಲಿ ನಮ್ಮ ಧಾರವಾಡದಲ್ಲಿಯೇ ಬಾಳಿ, ಸಿತಾರಿಗೆ ಗಾಂಭೀರ್ಯವನ್ನು ತಂದುಕೊಟ್ಟ ಕಲಾವಿದರೊಬ್ಬರಿದ್ದರೆಂಬುದನ್ನು ಅರಿತವರು ಕಡಮೆ. ಧಾರವಾಡದ ಸಂಗೀತವಲಯದಲ್ಲಿ ಮನೆಮಾತಾದ ಅವರ ಹೆಸರು ಆ ವಲಯದಾಚೆ ಸಲ್ಲಬೇಕಾದಷ್ಟು ಸಂದಿಲ್ಲ.

ರಹಿಮತ್ ಖಾನರು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸಂಗೀತಗಾರರ ಮನೆತನದಲ್ಲಿ ಹುಟ್ಟಿದರು. ಅವರ ತಂದೆ ಗುಲಾಮ್ ಹುಸೇನ್ ಖಾನರು ಸಿತಾರ್ ವಾದಕರು. ಹೀಗಾಗಿ ಬಾಲಕನಿಗೆ ವಾದ್ಯವೇ ಆಟಿಗೆ, ಮನೆಯೇ ಪಾಠಶಾಲೆ, ತಂದೆಯೇ ಮೊದಲ ಗುರು. ಆ ಕಾಲದಲ್ಲಿ ಸಂಗೀತವು ಪುಸ್ತಕದಿಂದ ಕಲಿಯುವ ವಿದ್ಯೆಯಾಗಿರಲಿಲ್ಲ. ಗುರುವಿನ ಬೆರಳನ್ನು ಕಣ್ಣಿನಿಂದ ನೋಡಿ, ಅದರ ಧ್ವನಿಯನ್ನು ಕಿವಿಯಿಂದ ಕೇಳಿ, ತನ್ನ ಬೆರಳಿಗೆ ಬರುವವರೆಗೆ ಪುನಃ ಪುನಃ ನುಡಿಸಿ ವಶಪಡಿಸಿಕೊಳ್ಳಬೇಕಾಗಿತ್ತು. ತಂತಿಯನ್ನು ಒತ್ತುವ ಎಡಗೈ ಬೆರಳುಗಳಲ್ಲಿ ಗಾಯವಾಗಿ, ಗಾಯವು ಒಣಗಿ, ಚರ್ಮವು ಗಟ್ಟಿಯಾಗುವವರೆಗೂ ಸಿತಾರ್ ಒಲಿಯುವುದಿಲ್ಲವೆಂಬುದನ್ನು ಆ ವಾದ್ಯವನ್ನು ಕಲಿತವರೆಲ್ಲರೂ ಬಲ್ಲರು.

ತಂದೆಯಿಂದ ಪಡೆದ ವಿದ್ಯೆಗೆ ಪೂರ್ಣತೆ ಬಂದುದು ಉಸ್ತಾದ್ ಬಂದೇ ಅಲಿ ಖಾನರ ಶಿಷ್ಯತ್ವದಿಂದ. ಬಂದೇ ಅಲಿ ಖಾನರು ಬೀನ್ ಎಂದು ಕರೆಯಲಾಗುವ ರುದ್ರವೀಣೆಯ ಅಪ್ರತಿಮ ವಾದಕರು. ಇಂದೂರಿನ ಆಸ್ಥಾನದಲ್ಲಿ ಮನ್ನಣೆ ಪಡೆದಿದ್ದ ಅವರು 1895ರಲ್ಲಿ ಪುಣೆಯಲ್ಲಿ ದೇಹಬಿಟ್ಟರು. ಮಹಾರಾಷ್ಟ್ರ ಮತ್ತು ಕರ್ನಾಟಕಗಳಲ್ಲಿ ಹೆಸರಾದ ಗಾಯಕ ಭಾಸ್ಕರಬುವಾ ಬಖಲೆಯವರಿಗೂ (1869–1922) ಚಿಕ್ಕಂದಿನಲ್ಲಿ ಅವರಿಂದ ಪಾಠ ದೊರೆತಿತ್ತು. ಇಂಥ ಗುರುವಿನ ಬಳಿ ರಹಿಮತ್ ಖಾನರು ಬೀನಿನ ರೀತಿಯನ್ನು ಕೇಳಿ ಅರಗಿಸಿಕೊಂಡರು. ಬೀನಿನ ಸ್ವರ ಆಳವಾದುದು. ಅದರಲ್ಲಿ ರಾಗವು ಅವಸರದಿಂದ ಹೊರಬೀಳುವುದಿಲ್ಲ. ಬಾವಿಯ ತಳದಿಂದ ಕೊಡವು ಮೆಲ್ಲನೆ ಮೇಲೇರಿ ಬರುವಂತೆ ಒಂದೊಂದೇ ಸ್ವರವು ಮೇಲೇರುತ್ತದೆ. ತಾಳದ ಹಂಗಿಲ್ಲದೆ ರಾಗವನ್ನು ವಿಸ್ತರಿಸುವ ಆಲಾಪ, ಅದಕ್ಕೆ ನಡಿಗೆಯನ್ನು ಕೊಡುವ ಜೋಡ್, ವೇಗವಾಗಿ ಮುಗಿಸುವ ಝಾಲಾ, ಇವು ಬೀನ್ ವಾದನದ ಕ್ರಮಗಳು.

ಸಿತಾರಿನ ಸ್ಥಿತಿ ಆಗ ಬೇರೆಯಾಗಿತ್ತು. ಸಿತಾರ್ ಎಂಬ ಶಬ್ದದ ಮೂಲ ಮೂರು ತಂತಿ ಎಂಬ ಅರ್ಥದ ಪಾರಸಿ ಪದ. ಕಾಲಕ್ರಮದಲ್ಲಿ ತಂತಿಗಳು ಹೆಚ್ಚಿದವು. ಮಸೀತಖಾನಿ, ರಜಾಖಾನಿ ಎಂಬ ಗತ್ತುಗಳು ಪ್ರಚಾರಕ್ಕೆ ಬಂದವು. ಆದರೂ ಬಹಳ ಕಾಲ ಅದನ್ನು ಬೀನಿನ ಪಕ್ಕದಲ್ಲಿ ಕೂಡಿಸುವ ಗೌರವ ದೊರೆತಿರಲಿಲ್ಲ. ದೀರ್ಘವಾದ ಆಲಾಪಕ್ಕೆ ಬೇಕಾದ ಕೆಳಸ್ವರಗಳ ಆಳ ಅದರಲ್ಲಿ ಸಾಲದೆಂಬುದು ಬಲ್ಲವರ ಅಭಿಪ್ರಾಯವಾಗಿತ್ತು. ಅದಕ್ಕಾಗಿಯೇ ಸುರಬಹಾರ್ ಎಂಬ ದೊಡ್ಡ ಗಾತ್ರದ ವಾದ್ಯವೊಂದು ಬಳಕೆಗೆ ಬಂದಿತ್ತು. ಆಲಾಪವನ್ನು ಸುರಬಹಾರಿನಲ್ಲಿ ನುಡಿಸಿ, ಆಮೇಲೆ ಗತ್ತಿಗಾಗಿ ಸಿತಾರನ್ನು ಕೈಗೆತ್ತಿಕೊಳ್ಳುವ ರೂಢಿಯೂ ಕೆಲವರಲ್ಲಿತ್ತು.

ರಹಿಮತ್ ಖಾನರ ಮುಂದೆ ಎರಡು ದಾರಿಗಳಿದ್ದವು. ತಂದೆಯ ವಾದ್ಯವನ್ನು ಇದ್ದಂತೆಯೇ ನುಡಿಸುತ್ತ ಹೋಗುವುದು ಒಂದು. ಅದರಿಂದ ಹೆಸರಿಗೂ ಅನ್ನಕ್ಕೂ ಕೊರತೆಯಾಗುತ್ತಿರಲಿಲ್ಲ. ಗುರುವಿನಿಂದ ಕೇಳಿದ ಬೀನಿನ ಆಳವನ್ನು ಆ ವಾದ್ಯದಲ್ಲಿಯೇ ತರಲು ಪ್ರಯತ್ನಿಸುವುದು ಇನ್ನೊಂದು. ಅವರು ಎರಡನೆಯ, ಕಷ್ಟದ ದಾರಿಯನ್ನು ಹಿಡಿದರು. ಸಿತಾರಿನ ತಂತಿಗಳ ಜೋಡಣೆಯನ್ನು ಮಾರ್ಪಡಿಸಿ, ಮಂದ್ರ ಮತ್ತು ಅತಿಮಂದ್ರ ಸ್ವರಗಳನ್ನು ಹೊರಡಿಸುವ ದಪ್ಪ ತಂತಿಗಳಿಗೆ ಅದರಲ್ಲಿ ಸ್ಥಾನ ಕಲ್ಪಿಸಿದರೆಂದು ಧಾರವಾಡದ ಸಿತಾರ್ ಪರಂಪರೆಯು ಅವರನ್ನು ಕೃತಜ್ಞತೆಯಿಂದ ನೆನೆಯುತ್ತದೆ. ಇಂಥ ಪ್ರಯತ್ನಗಳು ಉತ್ತರ ಭಾರತದ ಬೇರೆ ಮನೆತನಗಳಲ್ಲಿಯೂ ನಡೆದವು. ನಮ್ಮ ನಾಡಿನಲ್ಲಿ ಅದು ಬೇರೂರಿದ್ದು ರಹಿಮತ್ ಖಾನರಿಂದ.

ಈ ಮಾರ್ಪಾಡು ಹೊರನೋಟಕ್ಕೆ ಚಿಕ್ಕದಾಗಿ ಕಾಣಬಹುದು. ಆದರೆ ವಾದ್ಯದ ರಚನೆಯನ್ನು ಬಲ್ಲವರಿಗೆ ಅದರ ಕಷ್ಟ ತಿಳಿಯುತ್ತದೆ. ಗಿಟಾರಿನ ಮೆಟ್ಟಿಲುಗಳು ದಂಡಿಯಲ್ಲಿ ಕೂತುಬಿಟ್ಟಿರುತ್ತವೆ. ಸಿತಾರಿನ ಮೆಟ್ಟಿಲುಗಳು ಬಿಲ್ಲಿನಂತೆ ಬಾಗಿದ್ದು ದಂಡಿಯಿಂದ ಮೇಲೆದ್ದು ನಿಂತಿರುತ್ತವೆ. ದಾರದಿಂದ ಕಟ್ಟಿರುವುದರಿಂದ ಅವುಗಳನ್ನು ಅತ್ತಿತ್ತ ಸರಿಸಬಹುದು. ಬೆರಳಿನಿಂದ ತಂತಿಯನ್ನು ಪಕ್ಕಕ್ಕೆ ಎಳೆದರೆ ಒಂದೇ ಮೆಟ್ಟಿಲಿನ ಮೇಲೆ ಹಲವು ಸ್ವರಗಳು ಜಾರುತ್ತ ಬರುತ್ತವೆ. ಇದಕ್ಕೆ ಮೀಂಡ್ ಎಂದು ಹೆಸರು. ಮನುಷ್ಯಕಂಠದ ಎಳೆತವನ್ನು ತಂತಿಯಲ್ಲಿ ತರುವ ಉಪಾಯವೇ ಅದು. ದಪ್ಪ ತಂತಿಗಳನ್ನು ಸೇರಿಸಿದರೆ ದಂಡಿಯ ಮೇಲೆ ಎಳೆತದ ಭಾರ ಹೆಚ್ಚುತ್ತದೆ, ಬೆರಳಿಗೆ ಜಾಗ ಕಡಮೆಯಾಗುತ್ತದೆ. ತಂತಿಗಳು ಹಾಯುವ ಕುದುರೆಯ ಮೇಲ್ಮೈಯನ್ನು ಕೂದಲೆಳೆಯಷ್ಟು ಹೆಚ್ಚುಕಡಮೆ ಉಜ್ಜಿದರೂ ನಾದ ಕೆಡುತ್ತದೆ. ನುಡಿಸುವವನಿಗೆ ಬಡಗಿಯ ಕಣ್ಣೂ ಗಾಯಕನ ಕಿವಿಯೂ ಏಕಕಾಲದಲ್ಲಿ ಇರಬೇಕಾಗುತ್ತದೆ. ಈ ಭಾಗದಲ್ಲಿ ಸಿತಾರುಗಳನ್ನು ತಯಾರಿಸುವ ಪ್ರಸಿದ್ಧ ಊರು ಮೀರಜ. ಅಲ್ಲಿಯ ಕುಶಲಿಗಳು ವಾದ್ಯಕ್ಕೆ ಬೇಕಾದ ಬುರುಡೆಗಳನ್ನು ಪಂಢರಪುರದ ಸುತ್ತಲಿನ ಭೀಮಾತೀರದ ಹೊಲಗಳಿಂದ ತರುತ್ತ ಬಂದಿದ್ದಾರೆ. ಅದೇ ಭೀಮೆ ಮುಂದೆ ಅಫಜಲಪುರ, ಜೇವರ್ಗಿ ಸೀಮೆಗಳನ್ನು ತೋಯಿಸಿ ಕೃಷ್ಣೆಯನ್ನು ಸೇರುತ್ತಾಳೆ. ಮೀರಜದ ಸಿತಾರಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ.

ಅಂದಿನ ಕಲಾವಿದರ ಬದುಕು ರಾಜಾಶ್ರಯವನ್ನು ಅವಲಂಬಿಸಿತ್ತು. ದಸರೆ, ವರ್ಧಂತಿ ಮುಂತಾದ ಸಂದರ್ಭಗಳಲ್ಲಿ ಸಂಸ್ಥಾನಗಳಿಂದ ಸಂಸ್ಥಾನಗಳಿಗೆ ಪ್ರಯಾಣ ಮಾಡುವುದು ಅವರಿಗೆ ಅನಿವಾರ್ಯವಾಗಿತ್ತು. ದಕ್ಷಿಣದಲ್ಲಿ ಹಿಂದೂಸ್ತಾನಿ ಸಂಗೀತಕ್ಕೆ ಹಿರಿಯ ಆಸರೆಯಾಗಿದ್ದುದು ಮೈಸೂರು ಅರಮನೆ. ವೀಣೆ ಶೇಷಣ್ಣನವರಂಥ (1852–1926) ಕರ್ನಾಟಕ ಸಂಗೀತದ ಮೇರುಗಳಿದ್ದ ಆ ಆಸ್ಥಾನದಲ್ಲಿ ಆಗ್ರಾ ಘರಾಣೆಯ ನತ್ಥನ್ ಖಾನರು, ಸಿತಾರ್ ವಾದಕ ಬರ್ಕತುಲ್ಲಾ ಖಾನರು ಮನ್ನಣೆ ಪಡೆದರು. ಪ್ರಸಿದ್ಧ ಗಾಯಕಿ ಗೌಹರ್ ಜಾನ್ ತಮ್ಮ ಕೊನೆಯ ದಿನಗಳನ್ನು ಮೈಸೂರಿನಲ್ಲಿಯೇ ಕಳೆದು 1930ರಲ್ಲಿ ಅಲ್ಲಿಯೇ ತೀರಿಕೊಂಡರು. ಇಂಥ ವಿದ್ವಾಂಸರಿಂದ ಕೂಡಿದ ಸಭೆಯನ್ನು ಮೆಚ್ಚಿಸುವುದು ಸುಲಭದ ಕೆಲಸವಾಗಿರಲಿಲ್ಲ. ರಹಿಮತ್ ಖಾನರ ವಾದನವನ್ನು ಮೆಚ್ಚಿದ ಮೈಸೂರು ಮಹಾರಾಜರು ಅವರಿಗೆ ಸಿತಾರರತ್ನ ಎಂಬ ಬಿರುದನ್ನಿತ್ತು ಗೌರವಿಸಿದರು. ಮುಂದೆ ಆ ಬಿರುದೇ ಅವರ ಹೆಸರಿನ ಭಾಗವಾಯಿತು.

ಮುಂಬಯಿ, ಪುಣೆ, ಮೀರಜಗಳಿಂದ ಮೈಸೂರಿಗೆ ಹೋಗುವ ರೈಲುದಾರಿಯಲ್ಲಿ ಧಾರವಾಡ, ಹುಬ್ಬಳ್ಳಿಗಳು ಸಿಗುತ್ತಿದ್ದವು. ದೂರದ ಪ್ರಯಾಣದಿಂದ ದಣಿದ ಕಲಾವಿದರು ಈ ಊರುಗಳಲ್ಲಿ ಇಳಿಯುತ್ತಿದ್ದರು; ರಸಿಕರ ಮನೆಗಳಲ್ಲಿ ಬೈಠಕ್‌ಗಳು ನಡೆಯುತ್ತಿದ್ದವು. ಕಿರಾಣಾ ಘರಾಣೆಯ ಅಬ್ದುಲ್ ಕರೀಮ್ ಖಾನರು (1872–1937) ಕುಂದಗೋಳದ ನಾಡಿಗೇರರ ವಾಡೆಯಲ್ಲಿ ತಂಗುತ್ತಿದ್ದುದರಿಂದಲೇ ಸವಾಯಿ ಗಂಧರ್ವರಂಥ (1886–1952) ಶಿಷ್ಯರು ನಾಡಿಗೆ ದೊರೆತರು. ಭಾಸ್ಕರಬುವಾ ಬಖಲೆಯವರು ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ಸಂಗೀತ ಕಲಿಸಿದರು. ಮೈಸೂರಿಗೆ ಹೋಗಿಬರುವ ದಾರಿಯಲ್ಲಿ ರಹಿಮತ್ ಖಾನರಿಗೂ ಧಾರವಾಡದ ಪರಿಚಯವಾಯಿತು. ಇತರರು ಬಂದು ಹೋದರು. ಅವರು ಬಂದವರು ಇಲ್ಲಿಯೇ ಉಳಿದರು. ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಅವರು ಧಾರವಾಡವನ್ನೇ ತಮ್ಮ ಊರನ್ನಾಗಿ ಮಾಡಿಕೊಂಡರು.

ಈ ನಿರ್ಧಾರದ ಬೆಲೆಯನ್ನು ನಾವು ಅರಿಯಬೇಕು. ಧಾರವಾಡದಲ್ಲಿ ಅರಮನೆಯಿರಲಿಲ್ಲ, ಆಸ್ಥಾನದ ಸಂಬಳ, ಉಡುಗೊರೆಗಳಿರಲಿಲ್ಲ. ಅದು ವಕೀಲರು, ಶಿಕ್ಷಕರು, ಗುಮಾಸ್ತರು, ಸಣ್ಣ ವ್ಯಾಪಾರಿಗಳು ವಾಸಿಸುವ ಊರು. ಅಲ್ಲಿ ಸಂಗೀತವನ್ನೇ ನಂಬಿದವನು ಮನೆಮನೆಯ ಪಾಠ ಮತ್ತು ಅಪರೂಪದ ಕಚೇರಿಗಳಿಂದ ಜೀವನ ಸಾಗಿಸಬೇಕಾಗಿತ್ತು. ಮೇಲಾಗಿ ಆ ಕಾಲದ ಅನೇಕ ಉಸ್ತಾದರು ತಮ್ಮ ಮನೆತನದ ವಿದ್ಯೆಯನ್ನು ಹೊರಗಿನವರಿಗೆ ಸುಲಭವಾಗಿ ಕೊಡುತ್ತಿರಲಿಲ್ಲ. ವಿದ್ಯೆಯೇ ಅವರ ಆಸ್ತಿ. ಆಸ್ತಿಯನ್ನು ಹಂಚಿದರೆ ಮಕ್ಕಳಿಗೇನು ಉಳಿಯುವುದೆಂಬ ಭಯ. ರಹಿಮತ್ ಖಾನರು ಧಾರವಾಡದಲ್ಲಿ ಭಾರತೀಯ ಸಂಗೀತ ವಿದ್ಯಾಲಯವನ್ನು ಸ್ಥಾಪಿಸಿ ಸಿತಾರ್ ಕಲಿಕೆಯ ಬಾಗಿಲನ್ನು ತೆರೆದರು. ದರ್ಬಾರಿನ ದೀಪದ ಬೆಳಕಿನಲ್ಲಿ ಮಾತ್ರ ಮೆರೆಯುತ್ತಿದ್ದ ವಾದ್ಯವು ಹೀಗೆ ಸಾಮಾನ್ಯರ ಮನೆಯ ಜಗಲಿಗೆ ಬಂದಿತು. ಕೊಟ್ಟರೆ ಕರಗುವ ಆಸ್ತಿ ಬೇರೆ, ಕೊಟ್ಟಷ್ಟೂ ಬೆಳೆಯುವ ಆಸ್ತಿ ಬೇರೆ ಎಂಬುದನ್ನು ಅವರು ತಮ್ಮ ನಡೆಯಿಂದಲೇ ತೋರಿಸಿದರು.

ಅವರ ಮಗ ಪ್ರೊಫೆಸರ್ ಅಬ್ದುಲ್ ಕರೀಮ್ ಖಾನರು ತಂದೆಯಿಂದ ಸಿತಾರನ್ನು ಕಲಿತು ಅದನ್ನೇ ಜೀವನವೃತ್ತಿಯಾಗಿ ಸ್ವೀಕರಿಸಿದರು. ರಹಿಮತ್ ಖಾನರ ಬಾಳು ದೀರ್ಘವಾದುದು. ಎಣ್ಣೆದೀಪದ ಕಾಲದಲ್ಲಿ ಬೆರಳು ಪಳಗಿಸಿದ ಅವರು ಆಕಾಶವಾಣಿಯ ಕಾಲವನ್ನೂ ಕಂಡರು. ಧಾರವಾಡದಲ್ಲಿ 1950ರ ಜನವರಿ 8ರಂದು ಬಾನುಲಿ ಕೇಂದ್ರವು ಆರಂಭವಾದಾಗ ಅವರು ಬಹಳ ವೃದ್ಧರಾಗಿದ್ದರು. 1954ರಲ್ಲಿ ಅವರು ದಿವಂಗತರಾದರು. ಕರ್ನಾಟಕದ ಏಕೀಕರಣಕ್ಕೆ ಆಗ ಇನ್ನೂ ಎರಡು ವರ್ಷಗಳಿದ್ದವು.

ಇಷ್ಟು ದೊಡ್ಡ ಕಲಾವಿದರ ಹೆಸರು ನಾಡಿನ ಎಲ್ಲ ಮನೆಗಳನ್ನೂ ಏಕೆ ಮುಟ್ಟಲಿಲ್ಲವೆಂಬ ಪ್ರಶ್ನೆ ಏಳುತ್ತದೆ. ಇದಕ್ಕೆ ಕಾರಣಗಳು ಹಲವು. ಮೊದಲನೆಯದು, ಧಾರವಾಡವು ಗಾಯಕರ ತವರೆಂದು ಹೆಸರಾದುದು. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು, ಭೀಮಸೇನ ಜೋಶಿ ಮೊದಲಾದವರ ಕಂಠಸಿರಿಯ ಬೆಳಕು ಎಷ್ಟು ಪ್ರಖರವಾಗಿತ್ತೆಂದರೆ ಅದರ ಪಕ್ಕದಲ್ಲಿ ಮಿನುಗುತ್ತಿದ್ದ ತಂತಿಯು ಅನೇಕರ ಕಣ್ಣಿಗೆ ಬೀಳಲಿಲ್ಲ. ಹಾಡಿಗೆ ಮಾತಿನ ಆಸರೆಯಿರುವುದರಿಂದ ಅದು ಬೇಗ ಮನಸ್ಸಿನಲ್ಲಿ ನಿಲ್ಲುತ್ತದೆ. ಮಾತಿಲ್ಲದ ವಾದ್ಯವು ಕೇಳುಗನಿಂದ ಹೆಚ್ಚಿನ ತಾಳ್ಮೆಯನ್ನು ಬೇಡುತ್ತದೆ.

ಎರಡನೆಯದು, ಹೆಸರಿನ ಗೊಂದಲ. ಗ್ವಾಲಿಯರ್ ಘರಾಣೆಯ ಹದ್ದೂ ಖಾನರ ಮಗ ರಹಿಮತ್ ಖಾನರೆಂಬ ಮಹಾಗಾಯಕರು ಅದೇ ಕಾಲದಲ್ಲಿದ್ದು, ಈ ಭಾಗದ ಕುರುಂದವಾಡದಲ್ಲಿ 1922ರಲ್ಲಿ ತೀರಿಕೊಂಡರು. ಭೂಗಂಧರ್ವ ಎಂದು ಪ್ರಖ್ಯಾತರಾಗಿದ್ದ ಅವರ ಕೀರ್ತಿಯಲ್ಲಿ ಸಿತಾರಿನ ರಹಿಮತ್ ಖಾನರ ಹೆಸರು ಎಷ್ಟೋ ಸಲ ಮರೆಯಾಯಿತು. ಇದು ಮಗನ ಪಾಲಿಗೂ ತಪ್ಪಲಿಲ್ಲ. ಅಬ್ದುಲ್ ಕರೀಮ್ ಖಾನ್ ಎಂದರೆ ಎಲ್ಲರಿಗೂ ನೆನಪಾಗುವುದು ಕಿರಾಣಾ ಗಾಯಕರೇ. ತಂದೆ ಮಕ್ಕಳಿಬ್ಬರೂ ತಮ್ಮದೇ ಹೆಸರಿನ ಇನ್ನೊಬ್ಬರ ನೆರಳಿನಲ್ಲಿ ಬಾಳಬೇಕಾಯಿತು.

ಮೂರನೆಯದು, ಆಡಳಿತದ ಗಡಿಗಳು. 1956ಕ್ಕಿಂತ ಮೊದಲು ಧಾರವಾಡವು ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಮೈಸೂರು ಬೇರೆ ರಾಜ್ಯವಾಗಿತ್ತು. ಆಳಂದ, ಅಫಜಲಪುರ, ಜೇವರ್ಗಿಗಳಿದ್ದ ಕಲಬುರಗಿ ಜಿಲ್ಲೆಯು 1948ರವರೆಗೆ ನಿಜಾಮರ ಆಳ್ವಿಕೆಗೂ ಅನಂತರ ಹೈದರಾಬಾದು ರಾಜ್ಯಕ್ಕೂ ಒಳಪಟ್ಟಿತ್ತು. ಒಂದು ಭಾಗದ ಕನ್ನಡಿಗನ ಸಾಧನೆ ಇನ್ನೊಂದು ಭಾಗದ ಕನ್ನಡಿಗನಿಗೆ ತಿಳಿಯುವ ಅವಕಾಶವೇ ವಿರಳವಾಗಿತ್ತು. ನಾಲ್ಕನೆಯದು, ಧ್ವನಿಮುದ್ರಣದ ಇತಿಹಾಸ. ನಮ್ಮ ದೇಶಕ್ಕೆ ಗ್ರಾಮಫೋನು 1902ರಲ್ಲಿಯೇ ಕಾಲಿಟ್ಟಿತು. ಸಿತಾರಿನ ಇಮ್ದಾದ್ ಖಾನರಂಥ (1848–1920) ಕೆಲವರ ವಾದನವು ತಟ್ಟೆಗಳಲ್ಲಿ ಉಳಿಯಿತು. ಆದರೆ ಮೂರು ನಾಲ್ಕು ನಿಮಿಷಗಳಲ್ಲಿ ಮುಗಿಯುವ ಆ ತಟ್ಟೆಗಳು ನಿಧಾನವಾಗಿ ಅರಳುವ ಆಲಾಪಕ್ಕೆ ಹೇಳಿ ಮಾಡಿಸಿದವಾಗಿರಲಿಲ್ಲ. ರಹಿಮತ್ ಖಾನರ ಕಲೆಯು ಉಳಿದು ಬಂದುದು ಮುಖ್ಯವಾಗಿ ಶಿಷ್ಯರ ಮತ್ತು ಮಕ್ಕಳ ಬೆರಳುಗಳ ಮೂಲಕವೇ.

ಬೆರಳುಗಳ ಮೂಲಕ ಉಳಿಯುವ ವಿದ್ಯೆಗೆ ಒಂದು ಅಪಾಯವುಂಟು. ಒಂದೇ ಒಂದು ತಲೆಮಾರು ವಾದ್ಯವನ್ನು ಕೆಳಗಿಟ್ಟರೂ ಅದರ ಹಿಂದಿನ ಎಲ್ಲ ತಲೆಮಾರುಗಳ ದುಡಿಮೆ ಮಣ್ಣುಪಾಲಾಗುತ್ತದೆ. ರಹಿಮತ್ ಖಾನರ ಮನೆತನವು ಹಾಗಾಗಗೊಡಲಿಲ್ಲ. ಅವರ ಮೊಮ್ಮಗ ಉಸ್ತಾದ್ ಬಾಲೇಖಾನರು (1942–2007) ಆಕಾಶವಾಣಿಯಲ್ಲಿ ಸೇವೆ ಸಲ್ಲಿಸಿ, ನಾಡಿನ ಒಳಗೂ ಹೊರಗೂ ಕಚೇರಿಗಳನ್ನು ನಡೆಸಿ, ಗಾಯನದ ಸೊಗಸನ್ನು ತಂತಿಯಲ್ಲಿ ತಂದವರೆಂದು ಹೆಸರಾದರು. ಅವರ ಸೋದರರಲ್ಲಿ ಉಸ್ಮಾನ್ ಖಾನರು ಪುಣೆಯಲ್ಲಿಯೂ ಹಮೀದ್ ಖಾನರು ಧಾರವಾಡದಲ್ಲಿಯೂ ಈ ವಿದ್ಯೆಯನ್ನು ಬೆಳೆಸಿದರು. ಅವರ ಮುಂದಿನ ಪೀಳಿಗೆಯವರೂ ಸಿತಾರನ್ನು ಕೈಬಿಟ್ಟಿಲ್ಲ. ಅಜ್ಜನ ಹೆಸರಿನಲ್ಲಿ ಧಾರವಾಡದಲ್ಲಿ ಸ್ಮರಣೆಯ ಸಂಗೀತಸಭೆಗಳು ನಡೆಯುತ್ತ ಬಂದಿವೆ. ಒಬ್ಬ ವ್ಯಕ್ತಿ ಒಂದು ಊರನ್ನು ಆರಿಸಿಕೊಂಡ ಫಲವಾಗಿ ಆ ಊರಿಗೆ ಸಿತಾರಿನ ಒಂದು ಪರಂಪರೆಯೇ ದೊರೆಯಿತು.

ಕೀರ್ತಿಯು ಎಲ್ಲರಿಗೂ ಸಮನಾಗಿ ದೊರೆಯುವ ವಸ್ತುವಲ್ಲ. ಕಾಲ, ಸ್ಥಳ, ಸಂದರ್ಭಗಳು ಕೂಡಿ ಬಂದಾಗ ಕೆಲವರ ಹೆಸರು ದಿಗಂತಗಳನ್ನು ಮುಟ್ಟುತ್ತದೆ. ಅವರಷ್ಟೇ ದುಡಿದ ಇನ್ನು ಕೆಲವರು ನೆರಳಿನಲ್ಲಿ ಉಳಿಯುತ್ತಾರೆ. ತಂಬೂರಿಯ ಶ್ರುತಿಯನ್ನು ಗಮನಿಸಿದರೆ ಈ ಮಾತು ತಿಳಿಯುತ್ತದೆ. ಕಚೇರಿಯಲ್ಲಿ ಅದನ್ನು ಯಾರೂ ಹೊಗಳುವುದಿಲ್ಲ. ಅದು ನಿಂತರೆ ಮಾತ್ರ ಎಲ್ಲರಿಗೂ ಅದರ ಅಗತ್ಯ ಗೊತ್ತಾಗುತ್ತದೆ. ರಹಿಮತ್ ಖಾನರು ಹೊರನಾಡಿನಿಂದ ಬಂದವರು. ಈ ಮಣ್ಣನ್ನು ತಮ್ಮದೆಂದು ನಂಬಿದವರು. ಗುರುವಿನಿಂದ ಪಡೆದುದನ್ನು ಇದ್ದಂತೆ ಕಾಯ್ದಿಡುವುದಷ್ಟರಿಂದಲೇ ತೃಪ್ತರಾಗದೆ ಅದಕ್ಕೆ ತಮ್ಮ ಬುದ್ಧಿಯನ್ನೂ ಬೆವರನ್ನೂ ಸೇರಿಸಿದವರು. ಅರಮನೆಯಲ್ಲಿ ಗಳಿಸಿದ ಗೌರವವನ್ನು ಸಾಮಾನ್ಯರ ಮಕ್ಕಳಿಗೆ ಪಾಠವಾಗಿ ಹಂಚಿದವರು. ಅವರಿಗೆ ನಾವು ಸಲ್ಲಿಸಬಹುದಾದ ಗೌರವವು ಹಾರತುರಾಯಿಗಳಲ್ಲಿಲ್ಲ. ಮಾತಿಲ್ಲದ ಒಂದು ತಂತಿಯು ಮೆಲ್ಲಮೆಲ್ಲನೆ ಹೇಳುವುದನ್ನು ಕೊನೆಯವರೆಗೆ ಕುಳಿತು ಕೇಳುವ ತಾಳ್ಮೆಯನ್ನು ರೂಢಿಸಿಕೊಳ್ಳುವುದೇ ಆ ಗೌರವ.